ಎರಡು ಕಲ್ಲಿನ ದೂರ

“ಮೇಷ್ಟ್ರೇ, ಒಂದು ಪದರಕ್ಕೂ ಇನ್ನೊಂದು ಪದರಕ್ಕೂ ನಡುವೆ ಎಷ್ಟು ಅಂತರ ಬಿಡಬೇಕು?” ಎಂದು ಓಬಳೇಶ ಕೇಳಿದ.

ವಿಡಿಯೊ ಎಡಿಟಿಂಗ್ ಕಲಿಯಲು ಅವನು ಪಾಲಯ್ಯ ಮೇಷ್ಟ್ರ ಬಳಿಗೆ ಬಂದು ಎಂಟು ತಿಂಗಳಾಗಿತ್ತು. ಒಂದು ಫೋಟೊ ಪಟವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಮುಂದೆ ನಿಂತವರನ್ನು ಮುಂದಿನ ಪದರದಲ್ಲಿ, ಹಿಂದೆ ನಿಂತವರನ್ನು ಹಿಂದಿನ ಪದರದಲ್ಲಿ ನಿಲ್ಲಿಸಿ, ಎದುರಿಗೆ ಸಾಫ್ಟ್‌ವೇರಿನ ಕ್ಯಾಮೆರಾ ಸರಿಸಿದರೆ ಚಪ್ಪಟೆ ಪಟಕ್ಕೆ ಆಳ ಬಂದಂತೆ ಕಾಣುತ್ತದೆ. ಈ ವಿದ್ಯೆಯನ್ನು ಅವನು ಬೇಗ ಕಲಿತಿದ್ದ. ಅವನ ಪಟಗಳು ತೇಲುತ್ತಿದ್ದವು, ತಿರುಗುತ್ತಿದ್ದವು, ನೋಡುವವರ ಮೇಲೆ ಹಾರಿ ಬರುತ್ತಿದ್ದವು. ಆದರೂ ನೋಡಿದವರು, ರಟ್ಟಿನ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದ ಹಾಗಿದೆ ಎನ್ನುತ್ತಿದ್ದರು. ಅಂತರಕ್ಕೆ ಒಂದು ಅಂಕಿ ಇರಬೇಕು, ಅದು ತನಗೆ ಸಿಕ್ಕಿಲ್ಲ ಎಂದು ಅವನು ನಂಬಿದ್ದ.

ಮೇಷ್ಟ್ರು ಅಂಕಿ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನ ಸ್ಟುಡಿಯೊದಲ್ಲಿ ಜಬೀನ ಎಂಬ ಎಡಿಟರ್ ಇದ್ದಳು. ಹದಿನಾಲ್ಕು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಕೆಲಸ ಮಾಡಿದವಳು. ಒಂದು ದಿನ ಮನೆಯ ಗೋಡೆಗೆ ಮೊಳೆ ಹೊಡೆಯುವಾಗ ಮೊಳೆ ಸಿಡಿದು ಬಲಗಣ್ಣಿಗೆ ಬಡಿಯಿತು. ಆ ಕಣ್ಣು ಉಳಿಯಲಿಲ್ಲ.

ಒಂದು ಕಣ್ಣು ಹೋದರೆ ಅರ್ಧ ಲೋಕವೇ ಕಾಣದಾಗುತ್ತದೆ ಎಂದು ಅವಳು ಹೆದರಿದ್ದಳು. ಹಾಗಾಗಲಿಲ್ಲ. ಎಲ್ಲವೂ ಕಾಣುತ್ತಿತ್ತು. ಆದರೆ ಯಾವುದು ಹತ್ತಿರ, ಯಾವುದು ದೂರ ಎಂಬುದು ತಿಳಿಯದಾಯಿತು. ಚಹಾ ಬಸಿಯುವಾಗ ಪಾತ್ರೆಯ ಅಂಚು ಲೋಟಕ್ಕೆ ತಾಗಿದೆ ಎಂದುಕೊಂಡು ಬಗ್ಗಿಸಿದರೆ ಚಹಾ ನೆಲಕ್ಕೆ ಬೀಳುತ್ತಿತ್ತು. ಚಿಲಕ ಸಿಕ್ಕಿತೆಂದು ಹಿಡಿದರೆ ಕೈಗೆ ಬರಿಗಾಳಿ ಸಿಗುತ್ತಿತ್ತು. ಒಂದರ ಹಿಂದೆ ಒಂದಿರುವ ಎರಡು ವಸ್ತುಗಳು ಅವಳ ಕಣ್ಣಿಗೆ ಅಂಟಿಕೊಂಡಂತೆ ಕಾಣುತ್ತಿದ್ದವು.

ಕೆಲವು ತಿಂಗಳಲ್ಲಿ ಅವಳು ತನಗೆ ತಾನೇ ಒಂದು ಉಪಾಯ ಕಂಡುಕೊಂಡಳು. ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ ನೋಡುವುದು. ಎರಡು ವಸ್ತುಗಳು ನಿಜವಾಗಿ ತಾಗಿದ್ದರೆ, ತಲೆ ಸರಿಸಿದರೂ ತಾಗಿಯೇ ಇರುತ್ತವೆ. ತಾಗಿರದಿದ್ದರೆ ಒಂದನ್ನೊಂದು ಬಿಟ್ಟುಕೊಳ್ಳುತ್ತವೆ. ಹತ್ತಿರದ್ದು ಬೇಗ ಸರಿಯುತ್ತದೆ, ದೂರದ್ದು ತಡವಾಗಿ ಸರಿಯುತ್ತದೆ. ಹೀಗೆ ಅವಳು ಏನನ್ನು ಮುಟ್ಟುವ ಮೊದಲೂ ಒಮ್ಮೆ ತಲೆ ಆಡಿಸುವವಳಾದಳು. ಕೆಲವರು ನಕ್ಕರು. ಅವಳಿಗೆ ಚಹಾ ಲೋಟಕ್ಕೆ ಬಿದ್ದರೆ ಸಾಕಿತ್ತು.

ಸ್ಟುಡಿಯೊದ ಯಜಮಾನ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಪಟಕ್ಕೆ ಆಳ ಕೊಡುವ ಕೆಲಸವನ್ನು ಬೇರೆಯವನಿಗೆ ಕೊಟ್ಟ. ಅವಳಿಗೆ ಉಳಿದದ್ದು ದನಿ ಹೊಂದಿಸುವುದು, ಹೆಸರು ಬರೆಯುವುದು, ನಕಲು ತೆಗೆಯುವುದು. ಆಳ ಕಾಣದವಳು ಆಳವನ್ನು ಹೇಗೆ ಮಾಡಿಯಾಳು ಎಂಬುದು ಯಜಮಾನನ ಪ್ರಶ್ನೆಯಾಗಿತ್ತು.

ಒಂದು ದಿನ ಸುಲೋಚನಮ್ಮ ಎಂಬ ಉಪಾಧ್ಯಾಯಿನಿ ಸ್ಟುಡಿಯೊಕ್ಕೆ ಬಂದರು. ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಹೇಳಿಕೊಟ್ಟವರು. ಇನ್ನು ಒಂದು ವಾರದಲ್ಲಿ ಅವರ ನಿವೃತ್ತಿ. ಬೀಳ್ಕೊಡುಗೆಯ ದಿನ ತೋರಿಸಲು ಸಹೋದ್ಯೋಗಿಗಳು ಒಂದು ಚಿಕ್ಕ ಚಿತ್ರ ಮಾಡಿಸುತ್ತಿದ್ದರು. ಅದಕ್ಕೆ ಬೇಕಾದ ಪಟಗಳನ್ನು ಅವರು ಒಂದು ಚೀಲದಲ್ಲಿ ತಂದಿದ್ದರು. ಪಟಕ್ಕೆ ಆಳ ಕೊಡುತ್ತಿದ್ದವನು ಹೆಂಡತಿಯ ಹೆರಿಗೆಗೆಂದು ರಜೆಯ ಮೇಲೆ ಹೋಗಿದ್ದ. ಬೇರೆ ದಾರಿಯಿಲ್ಲದೆ ಯಜಮಾನ ಆ ಕೆಲಸವನ್ನು ಜಬೀನಳಿಗೆ ಒಪ್ಪಿಸಿದ. ಇದು ಕೆಟ್ಟರೆ ಮುಂದೆ ಎಂದೂ ಈ ಕೆಲಸ ಕೇಳಬಾರದು ಎಂದೂ ಹೇಳಿದ.

ಸುಲೋಚನಮ್ಮ ಚೀಲದಿಂದ ಒಂದು ಪಟವನ್ನು ಬೇರೆಯಾಗಿ ತೆಗೆದಿಟ್ಟರು. ಉಳಿದವನ್ನು ಹೇಗೆ ಬೇಕಾದರೂ ಜೋಡಿಸಿ, ಇದರಲ್ಲಿರುವವರು ಮಾತ್ರ ಎದುರಿಗೆ ಬಂದು ನಿಂತ ಹಾಗೆ ಆಗಬೇಕು ಎಂದರು.

ಅದು ಐವತ್ತೈದು ವರ್ಷದ ಹಿಂದಿನ ಕಪ್ಪು ಬಿಳುಪಿನ ಪಟ. ಮನೆಯ ಮುಂದಿನ ಕಲ್ಲು ಹಾಸಿದ ಅಂಗಳ. ಎರಡು ಕುರ್ಚಿಗಳಲ್ಲಿ ತಂದೆ ತಾಯಿ. ತಂದೆಯ ಪಕ್ಕದಲ್ಲಿ ಇಬ್ಬರು ಗಂಡುಮಕ್ಕಳು. ತಾಯಿಯ ಪಕ್ಕದಲ್ಲಿ ಒಂದು ಎತ್ತರದ ಸ್ಟೂಲು, ಅದರ ಮೇಲೆ ಐದು ವರ್ಷದ ಸುಲೋಚನ. ಅವಳ ಹಿಂದೆ ಹತ್ತೊಂಬತ್ತು ವರ್ಷದ ಅಕ್ಕ ಗಿರಿಜೆ. ಅಕ್ಕನ ಕೈ ತಂಗಿಯ ಭುಜದ ಮೇಲಿತ್ತು.

ಗಿರಿಜೆಗೆ ಕ್ಷಯ ಇತ್ತಂತೆ. ಪಟ ತೆಗೆಸಿದ ಮಾರನೆಯ ವರ್ಷ ತೀರಿಕೊಂಡಳಂತೆ. ಇಷ್ಟನ್ನು ಹೇಳಿ ಸುಲೋಚನಮ್ಮ ಪಟದ ಮೇಲೆ ಬೆರಳಿಟ್ಟರು.

“ಅಕ್ಕನ ದನಿ ನೆನಪಿಲ್ಲಮ್ಮ, ನಡಿಗೆಯೂ ನೆನಪಿಲ್ಲ. ನನ್ನ ಪಾಲಿಗೆ ಅಕ್ಕ ಅಂದರೆ ಈ ಕೈ.”

ಜಬೀನ ಪಟವನ್ನು ಕಂಪ್ಯೂಟರಿಗೆ ಹಾಕಿ ಕತ್ತರಿಸಲು ಕೂತಳು. ತಂದೆ ಒಂದು ಪದರ, ತಾಯಿ ಒಂದು ಪದರ, ಹುಡುಗರಿಬ್ಬರು ಒಂದು ಪದರ. ಒಬ್ಬರನ್ನು ಕತ್ತರಿಸಿ ತೆಗೆದರೆ ಅವರ ಹಿಂದೆ ಒಂದು ತೂತು ಉಳಿಯುತ್ತದೆ. ಆ ತೂತನ್ನು ಗೋಡೆಯಿಂದಲೋ ನೆಲದಿಂದಲೋ ತುಂಬಬೇಕು. ಅದನ್ನೆಲ್ಲ ಅವಳು ಒಂದು ಬೆಳಗಿನಲ್ಲಿ ಮುಗಿಸಿದಳು. ಅಕ್ಕತಂಗಿಯರ ಹತ್ತಿರ ಬಂದಾಗ ಅವಳ ಕೈ ನಿಂತಿತು. ಅಕ್ಕನ ಕೈ ತಂಗಿಯ ಭುಜವನ್ನು ಮುಟ್ಟಿದೆ. ಹಾಗಾದರೆ ಇಬ್ಬರನ್ನೂ ಒಂದೇ ದೂರದಲ್ಲಿ ನಿಲ್ಲಿಸಬೇಕು. ಅವಳು ಹಾಗೆಯೇ ನಿಲ್ಲಿಸಿ ಕ್ಯಾಮೆರಾ ಸರಿಸಿ ನೋಡಿದಳು. ಉಳಿದವರೆಲ್ಲ ಅಂಗಳದಲ್ಲಿ ನಿಂತಂತೆ ಕಂಡರು. ಗಿರಿಜೆ ಮಾತ್ರ ಕಾಗದದ ಗೊಂಬೆಯಂತೆ ಕಂಡಳು. ಉಳಿದವರ ಎದುರಿಗೆ ಅವಳು ಅಳತೆ ಮೀರಿ ಸಣ್ಣವಳಾಗಿದ್ದಳು.

ರೋಗದಿಂದ ಸೊರಗಿದ್ದಳು, ಅದಕ್ಕೇ ಸಣ್ಣಗೆ ಕಾಣುತ್ತಾಳೆ ಎಂದು ಮನೆಯವರು ಹೇಳಿಕೊಂಡು ಬಂದಿದ್ದರಂತೆ. ರೋಗದಿಂದ ಮೈ ಸೊರಗುತ್ತದೆ. ತಲೆಯ ಗಾತ್ರ ಸೊರಗುವುದಿಲ್ಲ. ಗಿರಿಜೆಯ ತಲೆ ತಾಯಿಯ ತಲೆಗಿಂತ ಎಷ್ಟೋ ಚಿಕ್ಕದಿತ್ತು.

ಜಬೀನ ಪಟವನ್ನು ದೊಡ್ಡದು ಮಾಡಿ ಕೈಯನ್ನು ನೋಡಿದಳು. ಹಿಂದಿನಿಂದ ಭುಜದ ಮೇಲೆ ಕೈಯಿಟ್ಟರೆ ಬೆರಳುಗಳು ಭುಜವನ್ನು ದಾಟಿ ಮುಂದಕ್ಕೆ ಇಳಿಯಬೇಕು. ಇಲ್ಲಿ ಒಂದು ಬೆರಳೂ ಮುಂದೆ ಬಂದಿರಲಿಲ್ಲ. ಮಣಿಕಟ್ಟು, ಅಂಗೈಯ ಹಿಂಭಾಗ ಮಾತ್ರ ಭುಜದ ಅಂಚಿನ ಮೇಲೆ ಕಾಣುತ್ತಿದ್ದವು. ಬೆರಳುಗಳು ಭುಜದ ಹಿಂದೆ ಅಡಗಿಬಿಟ್ಟಿದ್ದವು. ಮಗುವಿನ ಲಂಗದ ರವಿಕೆಯ ಬುಗ್ಗೆ ತೋಳು ಕೊಂಚವೂ ತಗ್ಗಿರಲಿಲ್ಲ. ತಂದೆಯ ಅಂಗೈ ಮೊಣಕಾಲಿನ ಮೇಲೆ ನೆರಳು ಬಿಟ್ಟಿತ್ತು. ಈ ಕೈಗೆ ನೆರಳಿರಲಿಲ್ಲ.

ಅವಳು ನೆಲವನ್ನು ನೋಡಿದಳು. ಸ್ಟೂಲಿನ ಕಾಲುಗಳ ಸಂದಿಯಲ್ಲಿ ಒಂದು ಸೀರೆಯ ಅಂಚು, ಎರಡು ಪಾದ. ಅಂಗಳದ ಹಾಸುಗಲ್ಲುಗಳ ನಡುವಿನ ಗೆರೆಗಳು ಚೆನ್ನಾಗಿ ಕಾಣುತ್ತಿದ್ದವು. ಅವಳು ಎಣಿಸಿದಳು. ಸ್ಟೂಲು ನಿಂತ ಕಲ್ಲಿಗೂ ಪಾದಗಳು ನಿಂತ ಕಲ್ಲಿಗೂ ಎರಡು ಕಲ್ಲಿನ ದೂರವಿತ್ತು. ಕಲ್ಲೊಂದಕ್ಕೆ ಎರಡೂವರೆ ಅಡಿ ಎಂದರೂ ಐದು ಅಡಿ.

ಮನೆಯವರೆಲ್ಲರ ಕಣ್ಣ ಮುಂದೆ ಐವತ್ತೈದು ವರ್ಷ ತೂಗಿದ ಪಟ. ಆ ಕಲ್ಲುಗಳನ್ನು ಯಾರೂ ಎಣಿಸಿರಲಿಲ್ಲ. ಎರಡು ಕಣ್ಣಿದ್ದವರು ಪಟವನ್ನು ನಂಬಿದ್ದರು. ಪಾತ್ರೆ ಲೋಟಕ್ಕೆ ತಾಗಿದೆ ಎಂದು ನಂಬಿ ದಿನವೂ ಚಹಾ ಚೆಲ್ಲಿದವಳಿಗೆ ತಾಗಿದಂತೆ ಕಾಣುವುದರ ಮೇಲೆ ನಂಬಿಕೆ ಉಳಿದಿರಲಿಲ್ಲ.

ಅವಳು ಗಿರಿಜೆಯನ್ನು ಎರಡು ಕಲ್ಲು ಹಿಂದಕ್ಕೆ ಸರಿಸಿದಳು. ಕೂಡಲೇ ಅವಳ ತಲೆಯ ಗಾತ್ರ ಆ ದೂರಕ್ಕೆ ಸರಿಹೋಯಿತು. ಗೊಂಬೆ ಹೋಗಿ ಒಬ್ಬ ಹುಡುಗಿ ಬಂದು ನಿಂತಳು. ಜಬೀನ ಕ್ಯಾಮೆರಾವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು. ಅಕ್ಕನ ಕೈ ತಂಗಿಯ ಭುಜವನ್ನು ಬಿಟ್ಟು ಗಾಳಿಗೆ ಬಂತು.

ಜಬೀನ ಅಲ್ಲಿಗೆ ಕೆಲಸ ನಿಲ್ಲಿಸಿದಳು.

ಇಲ್ಲಿಗೆ ಬಂದಾಗ ಓಬಳೇಶ ತಡೆಯಲಾರದೆ ಕೇಳಿದ: “ಮುಟ್ಟದಿದ್ದರೆ ಕೈಯನ್ನು ಯಾಕೆ ಎತ್ತಿದ್ದಳು, ಮೇಷ್ಟ್ರೇ?”

“ಜಬೀನಳಿಗೂ ಅದೇ ಪ್ರಶ್ನೆ” ಎಂದು ಮೇಷ್ಟ್ರು ಮುಂದುವರಿಸಿದರು.

ಯಜಮಾನನಿಗೆ ಅದು ಪ್ರಶ್ನೆಯೇ ಅಲ್ಲ. ಕೈಯನ್ನು ಕತ್ತರಿಸಿ ತಂಗಿಯ ಪದರಕ್ಕೆ ಅಂಟಿಸು, ಯಾರಿಗೆ ಗೊತ್ತಾಗುತ್ತದೆ ಎಂದ. ಅದು ಸಾಧ್ಯವಿತ್ತು, ಅರ್ಧ ಗಂಟೆಯ ಕೆಲಸ. ಆದರೆ ಜಬೀನಳಿಗೆ ತಿಳಿಯಬೇಕಿತ್ತು. ಐದು ಅಡಿ ಹಿಂದೆ ನಿಂತ ಹುಡುಗಿ ಬರಿಗಾಳಿಯಲ್ಲಿ ಕೈ ಎತ್ತಿ ಹಿಡಿಯುವುದೆಂದರೇನು? ಅವಳು ತನ್ನ ಮನೆಯಲ್ಲಿ ಗೋಡೆಯ ಕಡೆಗೆ ಹಾಗೆಯೇ ಕೈ ಎತ್ತಿ ನಿಂತು ನೋಡಿದಳು. ಕೈಯನ್ನು ಸುಮ್ಮನೆ ಹಾಗೆ ಎತ್ತುವವರು ಯಾರೂ ಇರಲಾರರು ಎನ್ನಿಸಿತು.

ಮರುದಿನ ಅವಳು ಸುಲೋಚನಮ್ಮನ ಮನೆಗೆ ಹೋದಳು. ಕಂಡದ್ದನ್ನು ಹೇಳಲು ಬಾಯಿ ಬರಲಿಲ್ಲ. ಈ ಪಟ ತೆಗೆದವರು ಯಾರು ಎಂದಷ್ಟೇ ಕೇಳಿದಳು. ಪಟದ ರಟ್ಟಿನ ಹಿಂದೆ ಒಂದು ಮಸುಕು ಮುದ್ರೆಯಿತ್ತು. ವರದರಾಜು ಎಂಬ ಹೆಸರು. ಅವರು ಇನ್ನೂ ಇದ್ದಾರೆ, ಎಂಬತ್ತನಾಲ್ಕು ವರ್ಷ, ಹಳೆಯ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದು ಸುಲೋಚನಮ್ಮ ಹೇಳಿದರು.

ವರದರಾಜು ತಾತ ಪಟವನ್ನು ಕೈಗೆ ತೆಗೆದುಕೊಂಡರು. ಕನ್ನಡಕ ಹಾಕಿಕೊಳ್ಳುವ ಮೊದಲೇ ಯಾವ ಪಟವೆಂದು ಗುರುತಿಸಿದರು.

ತಾವು ತೆಗೆದ ಸಾವಿರಾರು ಪಟಗಳಲ್ಲಿ ಇದೊಂದನ್ನು ಮರೆತಿಲ್ಲ ಎಂದರು. ಆ ಹುಡುಗಿ ಕ್ಷಯದ ಆಸ್ಪತ್ರೆಯಿಂದ ನಾಲ್ಕು ದಿನಕ್ಕೆಂದು ಮನೆಗೆ ಬಂದಿದ್ದಳು. ಮತ್ತೆ ಬರುತ್ತಾಳೋ ಇಲ್ಲವೋ ಎಂದು ತಂದೆ ಪಟ ತೆಗೆಸಲು ತಮ್ಮನ್ನು ಕರೆಸಿದ್ದರು. ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬಾರದು ಎಂದು ವೈದ್ಯರು ಹೇಳಿ ಕಳಿಸಿದ್ದರು. ಚಿಕ್ಕವಳಿಗೆ ಅದು ತಿಳಿಯದು. ಅವಳು ಅಕ್ಕನ ಕಡೆಗೆ ಓಡುವಳು, ಅಕ್ಕ ಹಿಂದಕ್ಕೆ ಸರಿಯುವಳು. ಮತ್ತೆ ಓಡುವಳು, ಮತ್ತೆ ಸರಿಯುವಳು. ಕೊನೆಗೆ ಚಿಕ್ಕವಳು ಅಳುವುದಕ್ಕೆ ಶುರುಮಾಡಿದಳು. ತಾಯಿಗೆ ದೊಡ್ಡವಳನ್ನು ದೂರ ಹೋಗೆನ್ನಲೂ ಬಾಯಿಲ್ಲ, ಹತ್ತಿರ ಬಾ ಎನ್ನಲೂ ಧೈರ್ಯವಿಲ್ಲ.

ಆಗ ಗಿರಿಜೆ ಫೋಟೊಗ್ರಾಫರನ ಹತ್ತಿರ ಬಂದು, ಮೂರು ಮಾರು ದೂರದಲ್ಲೇ ನಿಂತು, ಒಂದು ಮಾತು ಕೇಳಿದಳಂತೆ. ವರದರಾಜು ತಾತ ಆ ಮಾತನ್ನು ಅವಳು ಹೇಳಿದ ಹಾಗೆಯೇ ಹೇಳಿದರು.

“ನಿಮ್ಮ ಕ್ಯಾಮೆರಾಕ್ಕೆ ಒಂದೇ ಕಣ್ಣಲ್ಲವೇ? ಹಾಗಾದರೆ ನಾನು ಎಲ್ಲಿ ನಿಂತರೆ ಪುಟ್ಟಿಯನ್ನು ಮುಟ್ಟಿದ ಹಾಗೆ ಕಾಣುತ್ತೇನೆ?”

ವರದರಾಜು ಆ ಕಸಬಿಗೆ ಬಂದು ಆಗ ಏಳು ವರ್ಷವಾಗಿತ್ತು. ಅಲ್ಲಿಯವರೆಗೆ ಯಾರೂ ಕ್ಯಾಮೆರಾದ ಬಗ್ಗೆ ಏನನ್ನೂ ಕೇಳಿರಲಿಲ್ಲ. ತಮ್ಮ ಮುಖ ಚೆನ್ನಾಗಿ ಬರುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು. ಅವರು ಅವಳನ್ನು ಕರಿಯ ಬಟ್ಟೆಯ ಕೆಳಗೆ ನಿಂತು ನೋಡಲು ಬಿಟ್ಟರು. ಗಾಜಿನ ಮೇಲೆ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಅವಳು ದೊಡ್ಡ ತಮ್ಮನನ್ನು ತನ್ನ ಜಾಗದಲ್ಲಿ ನಿಲ್ಲಿಸಿ, ಹಿಂದೆ ಹೋಗು, ಇನ್ನೂ ಹಿಂದೆ ಹೋಗು ಎಂದು ಅಲ್ಲಿಂದಲೇ ಹೇಳಿದಳು. ಪುಟ್ಟಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಲು ಹೇಳಿದವಳೂ ಅವಳೇ. ಭುಜ ಬೇಕಾದ ಎತ್ತರಕ್ಕೆ ಬಂತು. ಪುಟ್ಟಿ ಇಳಿದು ಓಡಿ ಬರುವುದೂ ತಪ್ಪಿತು.

ಆಮೇಲೆ ಅವಳು ಕಲ್ಲು ಎಣಿಸಿ ಹೋಗಿ ನಿಂತಳು. ಕೈ ಎತ್ತಿದಳು. ಮೇಲೆ, ಕೆಳಗೆ, ಎಡಕ್ಕೆ ಕೂದಲೆಳೆಯಷ್ಟು ಎಂದು ವರದರಾಜು ಹೇಳುತ್ತ ಹೋದರು. ಕೈ ಸರಿಯಾದ ಜಾಗಕ್ಕೆ ಬಂದಾಗ, ಅಲ್ಲಾಡಬೇಡ ಎಂದರು. ಅವಳಿಗೆ ಕೆಮ್ಮು ಬಂತು. ಕೈ ಇಳಿಸಿ ಆಚೆ ತಿರುಗಿ ಕೆಮ್ಮಿ ಬಂದು ಮತ್ತೆ ಎತ್ತಿದಳು. ಎರಡನೆಯ ಸಲ ಕೈ ನಡುಗಿತು. ಮೂರನೆಯ ಸಲ ಉಸಿರು ಹಿಡಿದು ನಿಂತಳು. ಈ ಪಟ ಆ ಮೂರನೆಯದು.

ಇದನ್ನು ಇಷ್ಟು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಜಬೀನ ಕೇಳಿದಳು. ಯಾರೂ ಕೇಳಲಿಲ್ಲವಲ್ಲಮ್ಮ ಎಂದು ತಾತ ಪಟವನ್ನು ಹಿಂದಕ್ಕೆ ಕೊಟ್ಟರು.

ಜಬೀನ ಪಟ ಹಿಡಿದುಕೊಂಡು ಬೀದಿಗೆ ಬಂದಳು. ಅವಳಿಗೆ ಈಗ ಎಲ್ಲವೂ ತಿಳಿದಿತ್ತು, ಆದರೆ ಮಾಡಬೇಕಾದದ್ದು ಇನ್ನಷ್ಟು ಗೋಜಲಾಗಿತ್ತು. ಆ ಹುಡುಗಿ ಚಪ್ಪಟೆ ಪಟದಲ್ಲಿ ಮಾತ್ರ ಸಾಧ್ಯವಾಗುವ ಒಂದು ಕೆಲಸ ಮಾಡಿ ಹೋಗಿದ್ದಳು. ದೂರವನ್ನು ಅಳಿಸಿದ್ದಳು. ಈಗ ಪಟಕ್ಕೆ ಆಳ ಕೊಟ್ಟರೆ ಅಳಿಸಿದ್ದು ಮತ್ತೆ ಕಾಣುತ್ತದೆ. ಮುಟ್ಟಿದ ಕೈ ಮುಟ್ಟದ ಕೈಯಾಗುತ್ತದೆ. ಕೊಡದಿದ್ದರೆ, ಐದು ಅಡಿ ದೂರದಲ್ಲಿ ಉಸಿರು ಹಿಡಿದು ನಿಂತವಳು ಯಾರಿಗೂ ತಿಳಿಯದೆ ಹೋಗುತ್ತಾಳೆ.

ಇದನ್ನು ತೀರ್ಮಾನಿಸುವ ಅಧಿಕಾರ ತನ್ನದಲ್ಲ ಎಂದು ಅವಳಿಗೆ ಅನ್ನಿಸಿತು. ಅಲ್ಲಿಂದ ನೇರವಾಗಿ ಸುಲೋಚನಮ್ಮನ ಮನೆಗೆ ಹೋದಳು. ಜಗಲಿಯಲ್ಲಿ ಕೂತು, ನೆರಳಿಲ್ಲದ ಕೈಯಿಂದ ಹಿಡಿದು ಮೂರನೆಯ ಪಟದವರೆಗೆ ಎಲ್ಲವನ್ನೂ ಹೇಳಿದಳು. ಏನನ್ನೂ ಮೆತ್ತಗೆ ಮಾಡಿ ಹೇಳಲಿಲ್ಲ.

ಸುಲೋಚನಮ್ಮ ಕೇಳುವಷ್ಟೂ ಹೊತ್ತು ಪಟವನ್ನು ನೋಡುತ್ತಿದ್ದರು. ಹೇಳಿ ಮುಗಿದ ಮೇಲೆ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೇಳಬಾರದಿತ್ತೇನೋ ಎಂದು ಜಬೀನ ಚಪ್ಪಲಿ ಮೆಟ್ಟಲು ಎದ್ದಳು. ಅಷ್ಟರಲ್ಲಿ ಅವರು ಮುಖ ತೊಳೆದುಕೊಂಡು ಹೊರಗೆ ಬಂದರು. ಎಷ್ಟು ದೂರ ಎಂದು ಕೇಳಿದರು. ಐದು ಅಡಿ ಎಂದು ಜಬೀನ ಹೇಳಿದಳು.

ಅವರು ಜಬೀನಳನ್ನು ಕುರ್ಚಿಯಲ್ಲಿ ಕೂರಿಸಿದರು. ತಾವು ಹಿಂದಕ್ಕೆ ಹೋಗಿ ಹೆಜ್ಜೆಯಲ್ಲಿ ಐದು ಅಡಿ ಅಳೆದರು. ಅಲ್ಲಿ ನಿಂತು ಜಬೀನಳ ಭುಜದ ಕಡೆಗೆ ಕೈ ಎತ್ತಿ ಹಿಡಿದರು. ಗಣಿತದ ಉಪಾಧ್ಯಾಯಿನಿ ಒಂದು ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿ ನೋಡುವಂತೆ ಅವರು ಬಹಳ ಎಚ್ಚರದಿಂದ ನಿಂತಿದ್ದರು. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು. ಅರವತ್ತು ವರ್ಷದ ಕೈ ನಡುಗತೊಡಗಿತು. ಅವರು ಇಳಿಸಲಿಲ್ಲ.

ಇಷ್ಟು ಹೊತ್ತೇ ಎಂದು ಕೇಳಿದರು. ಮೂರು ಸಲ ಎಂದು ಜಬೀನ ಹೇಳಿದಳು.

ಕೈ ಇಳಿಸಿದ ಮೇಲೆ ಅವರು ಬಂದು ಕೂತರು. ಅವರ ದನಿ ಮಾಮೂಲಿನಂತಿತ್ತು.

“ಬಿಡಿಸಿ ತೋರಿಸಮ್ಮ, ಎಲ್ಲರೂ ನೋಡಲಿ. ಆದರೆ ಬಿಡಿಸಿದ ಹಾಗೆಯೇ ಬಿಟ್ಟುಬಿಡಬೇಡ.”

ಜಬೀನ ಹೊರಡುವ ಮೊದಲು ಇನ್ನೊಂದು ಕೇಳಬೇಕಿತ್ತು. ಕೈಯನ್ನು ಭುಜದಿಂದ ಬಿಡಿಸಿದರೆ ಬೆರಳುಗಳು ಕಾಣಬೇಕು. ಪಟದಲ್ಲಿ ಅವು ಇಲ್ಲವೇ ಇಲ್ಲ, ಭುಜದ ಹಿಂದೆ ಅಡಗಿವೆ. ಬೇರೆ ಯಾರದೋ ಬೆರಳನ್ನು ತಂದು ಅಲ್ಲಿಡಲು ಅವಳಿಗೆ ಮನಸ್ಸಿರಲಿಲ್ಲ. ಸುಲೋಚನಮ್ಮ ಒಪ್ಪಿದರು. ಜಗಲಿಯಲ್ಲಿ ಮತ್ತೊಮ್ಮೆ ಕೈ ಎತ್ತಿ ಹಿಡಿದರು, ಜಬೀನ ಮೊಬೈಲಿನಲ್ಲಿ ಅದರ ಪಟ ತೆಗೆದುಕೊಂಡಳು.

ಮುಂದಿನ ಮೂರು ದಿನ ಅವಳು ಆ ಒಂದು ಪಟದ ಮೇಲೆಯೇ ಕೂತಳು. ತಂಗಿಯ ಬೆರಳುಗಳ ಬಣ್ಣ ತೆಗೆದಳು, ಸುಕ್ಕು ತೆಗೆದಳು, ಅಕ್ಕನ ಮಣಿಕಟ್ಟಿಗೆ ಹೊಂದಿಸಿದಳು. ಗೆಣ್ಣುಗಳ ಎಲುಬು ಒಂದೇ ಬಗೆಯಾಗಿತ್ತು, ಹೆಚ್ಚು ತಿದ್ದಬೇಕಾಗಲಿಲ್ಲ. ಸ್ಟೂಲಿಗೂ ಅಕ್ಕನಿಗೂ ನಡುವಿನ ಎರಡು ಕಲ್ಲುಗಳನ್ನು ಅಂಗಳದ ಬೇರೆ ಕಲ್ಲುಗಳಿಂದ ತುಂಬಿದಳು. ಕ್ಯಾಮೆರಾ ಹೇಗೆ ಸರಿಯಬೇಕು ಎಂಬುದಷ್ಟೇ ಉಳಿಯಿತು. ಎಲ್ಲರೂ ಮಾಡುವುದು ಒಂದೇ ರೀತಿ. ಮೊದಲು ಪಟವನ್ನು ಇದ್ದ ಹಾಗೆ ತೋರಿಸುತ್ತಾರೆ, ಆಮೇಲೆ ಅಲ್ಲಿಂದ ಕ್ಯಾಮೆರಾ ಹೊರಡಿಸುತ್ತಾರೆ. ಹಾಗೆ ಮಾಡಿದರೆ ಮುಟ್ಟಿದ ಕೈ ಬಿಟ್ಟುಹೋಗುವುದರಲ್ಲಿ ಮುಗಿಯುತ್ತದೆ. ಸುಲೋಚನಮ್ಮ ಹೇಳಿದ ಮಾತು ಅವಳ ಕಿವಿಯಲ್ಲಿತ್ತು. ಅವಳು ಚಲನೆಯನ್ನು ತಿರುಗಿಸಿ ಹಾಕಿದಳು.

ಯಜಮಾನ ಅದನ್ನು ನೋಡಿ, ಇದರಲ್ಲಿ ಏನೂ ಹಾರುವುದಿಲ್ಲವಲ್ಲ ಎಂದ. ಮಾರನೆಯ ದಿನವೇ ಸಮಾರಂಭ. ಬದಲಾಯಿಸಲು ಸಮಯವಿರಲಿಲ್ಲ.

ಶಾಲೆಯ ಸಭಾಂಗಣದಲ್ಲಿ ಇನ್ನೂರು ಜನ ಸೇರಿದ್ದರು. ಕಿಟಕಿಗಳಿಗೆ ಪರದೆ ಎಳೆದು ಚಿತ್ರ ಹಾಕಿದರು. ಮಕ್ಕಳು ಬಹುಮಾನ ತೆಗೆದುಕೊಂಡದ್ದು, ಪ್ರವಾಸ ಹೋದದ್ದು, ಹಳೆಯ ಕಟ್ಟಡ, ಹೊಸ ಕಟ್ಟಡ, ಎಲ್ಲ ಬಂದು ಹೋದವು. ಜನ ನಗುತ್ತ, ಹೆಸರು ಕೂಗುತ್ತ ನೋಡಿದರು. ಆಮೇಲೆ ಆ ಪಟ ಬಂತು.

ಚಿತ್ರದೊಳಗಿನ ಕ್ಯಾಮೆರಾ ನೇರ ಎದುರಿಗಲ್ಲ, ಒಂದು ಪಕ್ಕದಲ್ಲಿ ನಿಂತಿತ್ತು. ಸ್ಟೂಲಿನ ಮೇಲೆ ಒಂದು ಮಗು. ಮಗುವಿನ ಹಿಂದೆ ಎರಡು ಬರಿ ಕಲ್ಲು. ಅವುಗಳ ಆಚೆ ಒಬ್ಬ ಬಡಕಲು ಹುಡುಗಿ ಗಾಳಿಯಲ್ಲಿ ಕೈ ಎತ್ತಿ ನಿಂತಿದ್ದಳು. ಆ ಕೈಯ ಕೆಳಗೆ ಏನೂ ಇರಲಿಲ್ಲ. ಜನರಿಗೆ ಅರ್ಥವಾಗಲಿಲ್ಲ. ಒಬ್ಬಿಬ್ಬರು ಪಕ್ಕದವರನ್ನು ಪಿಸುಮಾತಿನಲ್ಲಿ ಕೇಳಿದರು. ಕ್ಯಾಮೆರಾ ನಿಧಾನವಾಗಿ ಸರಿಯತೊಡಗಿತು. ಹತ್ತಿರದ ಮಗು ಬೇಗ ಸರಿಯಿತು, ದೂರದ ಹುಡುಗಿ ತಡವಾಗಿ ಸರಿದಳು. ಕೈಗೂ ಭುಜಕ್ಕೂ ನಡುವಿನ ಜಾಗ ಕಿರಿದಾಗುತ್ತ ಬಂತು. ಬೆರಳುಗಳು ಒಂದೊಂದಾಗಿ ಭುಜದ ಹಿಂದೆ ಮರೆಯಾದವು. ಕೈ ಭುಜದ ಮೇಲೆ ಬಂದು ಕೂತಿತು. ಕ್ಯಾಮೆರಾ ಅಲ್ಲಿ ನಿಂತಿತು.

ಅದು ಸುಲೋಚನಮ್ಮನ ಮನೆಯಲ್ಲಿ ತೂಗುತ್ತಿದ್ದ ಹಳೆಯ ಪಟವೇ ಆಗಿತ್ತು. ಎಲ್ಲರ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಜಬೀನ ಪರದೆಯನ್ನು ನೋಡುತ್ತಿರಲಿಲ್ಲ. ಅವಳು ಜನರನ್ನು ನೋಡುತ್ತಿದ್ದಳು. ಎರಡು ಕಣ್ಣುಳ್ಳ ಇನ್ನೂರು ಜನ ತಲೆಯನ್ನು ಒಂದಿಷ್ಟು ಪಕ್ಕಕ್ಕೆ ಬಾಗಿಸಿ, ಆ ಮಗುವಿನ ಹಿಂದೆ ಏನಿದೆ ಎಂದು ಇಣುಕಿ ನೋಡುತ್ತಿದ್ದರು. ಮೊದಲನೆಯ ಸಾಲಿನಲ್ಲಿ ಸುಲೋಚನಮ್ಮನೂ ಬಾಗಿದ್ದರು.

ಅವರ ಕೋರಿಕೆಯ ಮೇಲೆ ಆ ಭಾಗವನ್ನು ಇನ್ನೊಮ್ಮೆ ಹಾಕಿದರು. ಆಮೇಲೆ ಅವರು ಎದ್ದು ನಿಂತು, ಬರೆದು ತಂದಿದ್ದ ಭಾಷಣವನ್ನು ಮಡಿಸಿಟ್ಟು, ತಮ್ಮ ಅಕ್ಕ ಪಟ ತೆಗೆಸಿಕೊಂಡ ಬಗೆಯನ್ನು ಮಕ್ಕಳಿಗೆ ಹೇಳಿದರು. ಮನೆಯಲ್ಲಿ ಅಕ್ಕನ ಹೆಸರನ್ನು ದನಿ ತಗ್ಗಿಸಿ ಹೇಳುವುದೇ ರೂಢಿಯಾಗಿತ್ತು. ಅಂದು ಅವರು ಅದನ್ನು ಮೈಕಿನಲ್ಲಿ ಹೇಳಿದರು.

ಯಜಮಾನ ಆಮೇಲೆ ಜಬೀನಳಿಗೆ ಹಳೆಯ ಕೆಲಸ ಹಿಂದಕ್ಕೆ ಕೊಟ್ಟ. ಅವಳ ಕೆಲಸ ಬಹಳ ನಿಧಾನ ಎಂಬ ಗೊಣಗಾಟ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. ಪಟ ತಂದವರನ್ನು ಅವಳು ಎದುರಿಗೆ ಕೂರಿಸಿಕೊಂಡು ಒಂದು ಗಂಟೆ ಮಾತಾಡಿಸದೆ ಕತ್ತರಿ ಹಾಕುತ್ತಿರಲಿಲ್ಲ. ಕೆಲವರು ಬೇಸತ್ತು ಬೇರೆ ಸ್ಟುಡಿಯೊಕ್ಕೆ ಹೋದರು.

ಮೇಷ್ಟ್ರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಓಬಳೇಶ ತನ್ನ ಕಂಪ್ಯೂಟರಿನತ್ತ ಕುರ್ಚಿ ತಿರುಗಿಸಿದ. ಆಮೇಲೆ, ಎರಡು ಕಲ್ಲಿನ ದೂರವನ್ನು ಆಕೆ ಸಾಫ್ಟ್‌ವೇರಿನಲ್ಲಿ ಎಷ್ಟೆಂದು ಹಾಕಿದರು, ಆ ಅಂಕಿ ಗೊತ್ತಾದರೆ ತಾನು ಈಗ ಒಂದು ಪಟದಿಂದ ಕತ್ತರಿಸಿಟ್ಟಿರುವ ನಾಲ್ವರನ್ನು ಹಾಗೆಯೇ ನಿಲ್ಲಿಸಿ ನೋಡಬಹುದು ಎಂದ.

ಮೇಷ್ಟ್ರು ಅವನ ಕಂಪ್ಯೂಟರಿನ ಪರದೆಯತ್ತ ತಿರುಗಿ ಕೇಳಿದರು: “ಈ ನಾಲ್ವರೂ ಒಬ್ಬರಿಗೊಬ್ಬರು ಏನಾಗಬೇಕು?”